ಕನಸಿಗೆ ಬಾರದ ಮಾರ್ಗಿಟ್

ಮತ್ತೆ ಮಣ್ಣು ಉದುರಿತು, ಒಂದೇ ಚಿಟಿಕೆ, ಸರಿಯಾಗಿ ನನ್ನ ಹೊಟ್ಟೆಯ ಮೇಲೆ, ಹುಲ್ಲುಹೆಂಟೆ ಪೇರಿಸಿ ಕಟ್ಟಿದ ಮನೆಯ ಹಣೆಬರಹವೇ ಇಷ್ಟು, ಬಿಸಿಲಿಗೆ ಒಣಗಿ ಉದುರುತ್ತದೆ, ಮಳೆಗೆ ಕರಗಿ ಸುರಿಯುತ್ತದೆ, ಈ ಡಕೋಟಾದಲ್ಲಿ ಮನೆ ಕಟ್ಟಲು ಒಂದು ಮರವೂ ಹುಟ್ಟುವುದಿಲ್ಲ — ಒದರಿಕೊಳ್ಳೋಣವೆಂದರೆ ಮಂಚ ಕಿರುಗುಟ್ಟುತ್ತದೆ, ಆಚೆಯವರಿಗೆ ಕೇಳಿಸುತ್ತದೆ, ಮಂಚಕ್ಕೆ ಅಡ್ಡವಾಗಿ ಕೌದಿ ಕಟ್ಟಿದ್ದಾರೆ, ಅದರ ಸಂದಿಯಲ್ಲಿ ಪಾದ್ರಿಗಳ ಬೂಟು ಕಾಣುತ್ತದೆ, ಕೆಸರು ಒರೆಸಿಕೊಳ್ಳದೆ ಒಳಗೆ ಬಂದಿದ್ದಾರೆ, ಒರೆಸಿಕೊಂಡು ಬನ್ನಿ ಅನ್ನಲು ಯಾರಿಗೆ ಧೈರ್ಯ, ವರ್ಷಕ್ಕೆ ಎರಡೇ ಸಲ ಬರುವವರು. ಆ ಕಡೆ ಮಗುವಿನ ದೀಕ್ಷಾಸ್ನಾನಕ್ಕೆ ಬಂದ ಇಪ್ಪತ್ತು ಜನ, ಈ ಕಡೆ ನಾನೊಬ್ಬಳು, ಬಾಣಂತಿ, ಶುದ್ಧಿಯ ಪ್ರಾರ್ಥನೆ ಆಗುವವರೆಗೆ ಸಭೆಯ ನಡುವೆ ಕಾಲಿಡುವಂತಿಲ್ಲ, ಹೆತ್ತವಳು ನಾನು, ಹೆಸರು ಹೇಳುವವಳು ಮಗುವನ್ನು ಎತ್ತಿಕೊಂಡು ನಿಂತವಳು, ಎಂಥ ಚೆಂದ. ಎತ್ತಿಕೊಂಡು ನಿಂತಿರುವುದು ಗುನ್ವೋರಜ್ಜಿ. ನನ್ನ ಗಂಡ ಅಸ್ಲಾಕನ ಅತ್ತೆ, ಹಾಗಂತ ನನ್ನ ತಾಯಿಯಲ್ಲ, ಅವನ ಮೊದಲ ಹೆಂಡತಿ ಮಾರ್ಗಿಟಳ ತಾಯಿ, ಮಗಳ ಹಿಂದೆ ಹಡಗು ಹತ್ತಿ ಬಂದವಳು, ಮಗಳು ಹೋದ ಮೇಲೆ ಎಲ್ಲಿಗೆ ಹೋಗುತ್ತಾಳೆ, ಇಲ್ಲೇ ಉಳಿದಳು.

ಇನ್ನು ಸ್ವಲ್ಪ ಹೊತ್ತಿಗೆ ಅವಳು ಮಾರ್ಗಿಟ್ ಅನ್ನುತ್ತಾಳೆ, ಅನ್ನಲೇಬೇಕು, ನಮ್ಮ ಕಣಿವೆಯ ಪದ್ಧತಿ, ಹೆಂಡತಿ ಸತ್ತವನು ಮತ್ತೆ ಮದುವೆಯಾದರೆ ಎರಡನೆಯವಳ ಮೊದಲ ಹೆಣ್ಣುಮಗುವಿಗೆ ಸತ್ತವಳ ಹೆಸರು, ಯಾರೂ ಬರೆದಿಟ್ಟಿಲ್ಲ, ಯಾರೂ ಮೀರಿಲ್ಲ, ಸಮುದ್ರ ದಾಟುವಾಗ ಪೆಟ್ಟಿಗೆಯ ಜೊತೆ ಇದನ್ನೂ ಗಂಟು ಕಟ್ಟಿ ತಂದಿದ್ದೇವೆ. ನಿನ್ನಮ್ಮನ ಹೆಸರು ಎರಡನೇದಕ್ಕೆ ಇಟ್ರಾಯ್ತು, ಯಾರು ಬೇಡ ಅಂತಾರೆ ಅಂದ ಅಸ್ಲಾಕ್, ಎರಡನೆಯದಂತೆ, ಬರುವ ಜುಲೈಗೆ ನನಗೆ ನಲವತ್ತು, ಹೆರಿಗೆ ಮಾಡಿಸಿ ಕೈ ತೊಳೆಯುತ್ತಾ ಅಜ್ಜಿಯೇ ಅವನಿಗೆ ಹೇಳಿದ್ದು ಕಿವಿಗೆ ಬಿತ್ತು, ಇವಳಿಗೆ ಇದೇ ಮೊದಲು ಇದೇ ಕೊನೆ ಕಣಪ್ಪ, ಇನ್ನೊಂದಕ್ಕೆ ಆಸೆ ಪಟ್ರೆ ಇವಳನ್ನೂ ದಿಬ್ಬಕ್ಕೆ ಹೊರ್ತೀಯ. ದಿಬ್ಬದ ಮೇಲೆ ಮಾರ್ಗಿಟ್ ಮಲಗಿದ್ದಾಳೆ. ಹಾಗಾದರೆ ನನ್ನಮ್ಮ ಎಲ್ಲಿಗೆ ಹೋಗಬೇಕು, ನನ್ನಮ್ಮ ಓಸ್ನೆ, ಅವಳಮ್ಮ ಗೂರೋ, ಅವಳಮ್ಮ ಓಸ್ನೆ, ಈಗ ನಾನು ಗೂರೋ, ಸಮುದ್ರದಾಚೆ ನಮ್ಮ ಟೆಲೆಮಾರ್ಕಿನ ಚರ್ಚಿನ ಪುಸ್ತಕದಲ್ಲಿ ಜಡೆ ಹೆಣೆದ ಹಾಗೆ ಬಂದಿದೆ, ನನ್ನ ಕೈಯಲ್ಲಿ ಬಿಚ್ಚಿಹೋಗಬೇಕೆ — ಇಪ್ಪತ್ತು ವರ್ಷ ಕಂಡವರ ಹಸು ಕರೆದು ಬೆರಳು ಸೊಟ್ಟಗಾದ ಮೇಲೆ ಅಸ್ಲಾಕನ ಕಾಗದ ಬಂತು, ಜೊತೆಗೆ ಹಡಗಿನ ಚೀಟಿ, ಹೆಂಡತಿ ಬೇಕಾಗಿದೆ, ಗಟ್ಟಿಮುಟ್ಟಾದವಳು. ಹೊರಟ ದಿನ ಅಮ್ಮ ರಸ್ತೆಯ ತನಕವೂ ಬರಲಿಲ್ಲ, ಹಾಲಿನ ಬಾನಿ ಉಜ್ಜುತ್ತಾ ಕೂತಿದ್ದಳು, ಹೋಗು, ತಿರುಗಿ ನೋಡ್ಬೇಡ, ಕತ್ತು ನೋಯುತ್ತೆ ಅಂದಳು, ಆಮೇಲೆ ಬಾನಿಯೊಳಗೆ ತಲೆ ಹಾಕಿಕೊಂಡೇ, ಹೆಣ್ಣಾದ್ರೆ ನನ್ನ ಮರೀಬೇಡ. ತಿರುಗಿ ನೋಡಿದೆ, ಅವಳು ನೋಡಲಿಲ್ಲ, ಆ ಚಳಿಗಾಲವೇ ಹೋಗಿಬಿಟ್ಟಳು, ಕಪ್ಪಂಚಿನ ಕಾಗದ ಇಲ್ಲಿಗೆ ಬರುವಾಗ ನನಗೆ ಮೂರು ತಿಂಗಳು.

ಆ ಚಳಿಗಾಲ, ಅಯ್ಯೋ ಆ ಚಳಿಗಾಲ, ಬಾಗಿಲಿನೆತ್ತರಕ್ಕೆ ಹಿಮ, ಒಂದೇ ಕೋಣೆ, ಒಲೆಯ ಆಚೆ ಅಜ್ಜಿ, ಈಚೆ ನಾನು, ಉಪ್ಪು ಎಲ್ಲಿ, ಸೌದೆ ಎಲ್ಲಿ, ಇಷ್ಟೇ ಮಾತು, ಅಸ್ಲಾಕನದು ಅಷ್ಟೂ ಇಲ್ಲ, ನಾನು ಒರೆಸಿದ ಪಾತ್ರೆಯನ್ನು ಅಜ್ಜಿ ಮತ್ತೆ ಒರೆಸುತ್ತಿದ್ದಳು, ಮಾರ್ಗಿಟ್ ಹೀಗಿಡ್ತಿರ್ಲಿಲ್ಲ ಅನ್ನುತ್ತಿದ್ದಳು. ಬೆಳಗಾದರೆ ಮಾತ್ರ ಒಂದು ಪ್ರಶ್ನೆ, ಯಾರಾದ್ರೂ ಬಂದಿದ್ರಾ. ಬಸುರಿಯ ಕನಸಿಗೆ ಸತ್ತವರು ಬಂದರೆ ಹೆಸರು ಕೇಳಲು ಬಂದರು ಎಂದೇ ನಮ್ಮವರ ಲೆಕ್ಕ. ಯಾರೂ ಬಂದಿರಲಿಲ್ಲ, ಅಮ್ಮ ಕೂಡ ಬಂದಿರಲಿಲ್ಲ, ಬಂದಿದ್ದರೆ ಅವಳ ಕಾಲು ಹಿಡಿದು ಬಿಡುತ್ತಲೇ ಇರಲಿಲ್ಲ. ಇಲ್ಲ ಇಲ್ಲ ಎಂದು ಹೇಳಿ ಹೇಳಿ ಒಂದು ಬೆಳಿಗ್ಗೆ, ಯಾಕೆ ಹಾಗಂದೆನೋ ನನ್ನ ನಾಲಿಗೆಗೆ ಬೆಂಕಿ ಬೀಳಲಿ, ಯಾರಾದರೂ ಒಬ್ಬರು ನನ್ನ ಮುಖ ನೋಡಿ ಮಾತಾಡಲಿ ಎನ್ನಿಸಿತ್ತು, ಬಂದಿದ್ಳು ಅಂದೆ. ಯಾರು. ಮಾರ್ಗಿಟ್. ಅವಳ ಮುಖ ಹೇಗಿತ್ತೆಂದು ನಾನೇನು ಕಂಡಿದ್ದೆನೆ, ಬಾಯಿಗೆ ಬಂದದ್ದು ಹೇಳಿದೆ, ಬಾಗಿಲಲ್ಲಿ ನಿಂತಿದ್ಳು ಅಜ್ಜಿ, ಭುಜದ ಹಿಮ ಕೊಡವಿಕೊಂಡು ನಕ್ಕಳು. ಅಜ್ಜಿಯ ಕೈಯಿಂದ ಸೌಟು ಬಿತ್ತು, ನನ್ನ ತಲೆಯನ್ನು ಎದೆಗೆ ಒತ್ತಿಕೊಂಡಳು, ಹಿಮ ಕೊಡವಿದ್ಳಾ, ಹಂಗಾದ್ರೆ ಹೊರಗೆ ಬಂದಿದಾಳೆ, ಅವಳು ಹೋದಾಗ ನೆಲ ಕಲ್ಲಾಗಿತ್ತು ಮಗಳೇ, ಗುದ್ದಲಿ ಇಳೀಲಿಲ್ಲ, ನಾಲ್ಕು ತಿಂಗಳು ಅವಳನ್ನ ಹಿಮದಲ್ಲೇ ಇಟ್ಟಿದ್ದೆ, ತೋಳ ಮುಟ್ಟಿದೆಯೋ ಏನೋ ಅಂತ ದಿನಾ ಹೋಗಿ ನೋಡ್ತಿದ್ದೆ. ಅವತ್ತಿನಿಂದ ಹಾಲಿನ ಕೆನೆಯೆಲ್ಲ ನನಗೆ, ಉಣ್ಣೆಯ ಕಾಲುಚೀಲ ನನಗೆ, ಮಗಳೇ ಮಗಳೇ ಎಂದು ದಿನಕ್ಕೆ ಹತ್ತು ಸಲ. ಸುಳ್ಳು ಎಂದು ಗೊತ್ತಿದ್ದೂ ಆ ಕೆನೆ ತಿಂದೆ, ಬಟ್ಟಲು ನೆಕ್ಕಿದೆ.

ಈಗ ಆಚೆಯವರ ಹಾಡು ನಿಂತಿತು, ಪಾದ್ರಿಗಳು ಪುಸ್ತಕದ ಹಾಳೆ ತಿರುಗಿಸುತ್ತಿದ್ದಾರೆ, ಮೊದಲು ಕೇಳುವುದು ಅದೇ ಪ್ರಶ್ನೆ, ಈ ಮಗುವಿಗೆ ಮನೆಯಲ್ಲಿ ಆಗಲೇ ದೀಕ್ಷಾಸ್ನಾನ ಆಗಿದೆಯೇ, ಅಜ್ಜಿ ಇಲ್ಲ ಅನ್ನುತ್ತಾಳೆ, ಅವಳಿಗೆ ತಿಳಿದಂತೆ ಇಲ್ಲ — ಆಗಿದೆಯಲ್ಲ. ನಾನೇ ಮಾಡಿದೆನಲ್ಲ. ಹುಟ್ಟಿ ನಾಲ್ಕನೆಯ ದಿನ, ನಡುಮಧ್ಯಾಹ್ನ, ಅಸ್ಲಾಕ್ ಉಳುತ್ತಿದ್ದ, ಅಜ್ಜಿ ಪಕ್ಕದ ಹೊಲದವರು ಬಾಣಂತಿಗೆಂದು ಕಾಯಿಸಿದ ಕೆನೆಗಂಜಿ ತರಲು ಹೋಗಿದ್ದಳು, ಎದೆಗೆ ಹಾಕಿಕೊಂಡ ಮಗು ಇದ್ದಕ್ಕಿದ್ದಂತೆ ನೀಲಿಗಟ್ಟಿತು, ಉಸಿರಿಲ್ಲ, ಬೆನ್ನು ತಟ್ಟಿದೆ, ತಲೆಕೆಳಗು ಮಾಡಿದೆ, ಇಲ್ಲ, ಸಾಯುವ ಕೂಸಿಗೆ ಯಾರು ಬೇಕಾದರೂ ದೀಕ್ಷೆ ಕೊಡಬಹುದು, ಬಕೆಟ್ಟಿಗೆ ಕೈ ಅದ್ದಿದೆ, ಮೂರು ಸಲ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ, ಓಸ್ನೆ. ಯೋಚಿಸಿ ಅಂದದ್ದಲ್ಲ, ದೇವರಾಣೆಗೂ ಅಲ್ಲ, ಅಷ್ಟು ದೂರ ಒಬ್ಬಳೇ ಹೋಗುತ್ತಾಳಲ್ಲ, ಅಲ್ಲಿ ಅಮ್ಮ ಕೈ ಹಿಡಿದುಕೊಳ್ಳಲಿ, ಹೆಸರು ಗೊತ್ತಿದ್ದರೆ ಗುರುತು ಹಿಡಿಯುತ್ತಾಳೆ ಅನ್ನಿಸಿತು. ಮೂರನೆಯ ಸಲ ನೀರು ಬಿದ್ದಾಗ ಕಿಟಾರನೆ ಅತ್ತಿತು. ಅಜ್ಜಿ ಗಂಜಿ ತಂದಳು, ನನ್ನ ಮಾರ್ಗಿಟ್ ಏನ್ ಮಾಡ್ತಿದಾಳೆ ಅಂದಳು, ನಾನು ಚಮಚ ಬಾಯಿಗಿಟ್ಟುಕೊಂಡೆ, ನಾಳೆ ಹೇಳೋಣ ಅಂದುಕೊಂಡೆ, ನಾಡಿದ್ದು ಹೇಳೋಣ, ಹಾಗೆ ಒಂಬತ್ತು ದಿನ. ಒಂದು ಸಲ ಬಿದ್ದ ನೀರು ಬಿದ್ದ ಹಾಗೆಯೇ, ಎರಡನೆಯ ಸಲ ಹಾಕಿಸುವುದು ದೇವರನ್ನು ಅಣಕಿಸಿದಂತೆ, ಇದು ಚಿಕ್ಕ ಮಕ್ಕಳಿಗೂ ಬಾಯಿಪಾಠ. ಹೇಳಿದರೆ ಈ ಒಂದು ಕೋಣೆಯಲ್ಲಿ ಈ ಮುದುಕಿಯ ಜೊತೆ ಇನ್ನೆಷ್ಟು ಚಳಿಗಾಲ, ಹೇಳದಿದ್ದರೆ ದಿನಾ ಬೆಳಿಗ್ಗೆ ನನ್ನ ಮಗಳನ್ನು ಸತ್ತ ಸವತಿಯ ಹೆಸರಿನಿಂದ ಕರೆದು ಎಬ್ಬಿಸಬೇಕು.

ಮನೆಯಲ್ಲಿ ಆಗಲೇ ದೀಕ್ಷಾಸ್ನಾನ ಆಗಿದೆಯೇ. ಇಲ್ಲ ಪಾದ್ರಿಗಳೇ. ಆಗಿಹೋಯಿತು, ಬಾಯಿ ಬಿಡಲಿಲ್ಲ ನಾನು, ಕೌದಿಯನ್ನು ಹಿಡಿದುಕೊಂಡೆ, ಸಂದಿ ಅಗಲವಾಯಿತು, ಅಜ್ಜಿ ಈಗ ಪೂರ್ತಿ ಕಾಣುತ್ತಾಳೆ, ಮಗುವಿನ ಕುಲಾವಿಯ ದಾರ ಎಳೆಯುತ್ತಿದ್ದಾಳೆ, ಮಾರ್ಗಿಟಳ ಮದುವೆ ಅಂಗಿಯ ತೋಳು ಕತ್ತರಿಸಿ ರಾತ್ರಿಯೆಲ್ಲ ಹೊಲಿದ ಕುಲಾವಿ, ಬಿಚ್ಚಿ ಕೈಯಲ್ಲಿ ಹಿಡಿದಳು, ಬೋಳುತಲೆ ಬೋಗುಣಿಯ ಮೇಲೆ ಬಂತು, ಮಗುವಿನ ಹೆಸರೇನು, ಅಜ್ಜಿ ಮಾರ್ಗಿಟ್ ಅಂದಳು, ಹೊಲದಲ್ಲಿದ್ದವಳನ್ನು ಊಟಕ್ಕೆ ಕರೆದ ಹಾಗೆ ಅಂದಳು, ಪಾದ್ರಿಗಳು ಬೊಗಸೆಯಲ್ಲಿ ನೀರೆತ್ತಿದರು — ಆಗಿದೆ. ಯಾರು ಮಾತಾಡಿದ್ದು, ನಾನೇ, ಆಗಿದೆ ಪಾದ್ರಿಗಳೇ, ನಾನೇ ನೀರು ಹಾಕಿದೀನಿ, ಉಸಿರು ನಿಂತಿತ್ತು, ಅವಳು ಓಸ್ನೆ. ಬೆಂಚು ಸದ್ದಾಯಿತು, ಅಸ್ಲಾಕ್ ಎದ್ದ, ಮತ್ತೆ ಕೂತ, ಪಾದ್ರಿಗಳು ಕೌದಿಯ ಕಡೆ ತಿರುಗಿ ಯಾವ ನೀರು, ಯಾವ ಮಾತು, ಎಷ್ಟು ಸಲ ಎಂದು ಒಂದೊಂದಾಗಿ ಕೇಳಿದರು, ಒಂದೊಂದಾಗಿ ಹೇಳಿದೆ, ಸರಿ, ಹಾಗಾದರೆ ಅದೇ ಸಲ್ಲುತ್ತದೆ, ನಾನು ಮತ್ತೆ ಮಾಡುವಂತಿಲ್ಲ ಅಂದರು. ಗೆದ್ದೆನಲ್ಲ ಅಂದುಕೊಳ್ಳುವಷ್ಟರಲ್ಲಿ ಅಜ್ಜಿ, ಕೋಪವಿಲ್ಲ ಆ ದನಿಯಲ್ಲಿ, ಕೋಪವಿದ್ದಿದ್ದರೆ ಎಷ್ಟು ಚೆನ್ನಾಗಿತ್ತು, ಆದ್ರೆ ಮಾರ್ಗಿಟ್ ಬಂದಿದ್ಳಲ್ಲ ಮಗಳೇ, ಹಿಮ ಕೊಡವಿದ್ಳಲ್ಲ, ಅವಳಿಗೇನು ಹೇಳೋದು. ಬಂದಿದ್ದಳು ಅನ್ನಬಹುದಿತ್ತು, ಅಷ್ಟಾದರೂ ಅಜ್ಜಿಗೆ ಉಳಿಯುತ್ತಿತ್ತು, ಆದರೆ ಬಂದವಳನ್ನು ಹೆಸರು ಕೊಡದೆ ಹಿಮಕ್ಕೆ ಅಟ್ಟಿದ ಹಾಗಾಗುತ್ತಿತ್ತು, ಮತ್ತೆ ಮುದುಕಿ ದಿನಾ ಹೋಗಿ ನೋಡುತ್ತಿದ್ದಳು. ಬಂದಿರ್ಲಿಲ್ಲ ಅಜ್ಜಿ, ಸುಳ್ಳು ಹೇಳಿದ್ದೆ.

ಮಗುವನ್ನು ತಾಯಿಗೆ ಕೊಡಿ ಅಂದರು ಪಾದ್ರಿಗಳು, ಅಜ್ಜಿಗೆ ಕೇಳಿಸಲಿಲ್ಲವೋ ಏನೋ, ಕುಲಾವಿಯನ್ನು ಮಗುವಿನ ತಲೆಗೆ ಹಾಕಿದಳು, ನೀರು ಬೀಳದ ಒಣ ತಲೆಗೆ, ಗಲ್ಲದ ಕೆಳಗೆ ದಾರ ತಂದಳು, ಕಟ್ಟಿದಳು, ಸರಿಬರಲಿಲ್ಲ, ಬಿಚ್ಚಿದಳು, ಕೊಡು ಅಜ್ಜಿ, ಕೌದಿಯಿಂದ ಕೈ ಹೊರಗೆ ಚಾಚಿದ್ದೇನೆ, ಕಾಲು ಆಚೆ ಇಡುವ ಹಾಗಿಲ್ಲ ನಾನು, ಅವಳೇ ಬರಬೇಕು, ನಾಲ್ಕು ಹೆಜ್ಜೆ, ನನ್ನ ಮಗು ಅಜ್ಜಿ, ಕೊಡು, ನನ್ನ ಕಡೆ ನೋಡುತ್ತಲೂ ಇಲ್ಲ, ದಾರದ ಎರಡು ತುದಿ ಸಮಮಾಡಿ ಕಟ್ಟುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ದಾರ ಹುಡುಕುತ್ತಾಳೆ, ಕಟ್ಟುತ್ತಾಳೆ, ಬಿಚ್ಚುತ್ತಾಳೆ, ಕಟ್ಟುತ್ತಾಳೆ