ಬಾಯಿಗೆ ಎರಡು ಹನಿ

ಅಣ್ಣ ಭಗವಂತ ಹಲ್ಲಿನಿಂದ ಬಾಟಲಿಯ ಬಿರಡೆ ಕಿತ್ತು, ಗೋಡೆಗೆ ಒರಗಿಸಿ ಕೂಡಿಸಿದ್ದ ತಮ್ಮನ ಹೆಣದ ಬಾಯಿಗೆ ಬಗ್ಗಿಸುವಷ್ಟರಲ್ಲಿ ಸತ್ತವನ ಹೆಂಡತಿ ಅನಸುಬಾಯಿ ಅವನ ಮುಂಗೈ ಹಿಡಿದಳು.

“ಭಾವ, ಏನರಿ ಅದು? ದಾರೂ?”

“ಎರಡೇ ಹನಿ, ಅನಸಾ. ನಮ್ಮ ದಶರಥ ಆಸೆ ಇಟಗೊಂಡು ಹೋಗಬಾರದು.”

ಸತ್ತವರಿಗೆ ಇಷ್ಟವಾದದ್ದನ್ನು ಬಾಯಿಗೆ ಮುಟ್ಟಿಸಿ ಹೊರಡಿಸುವುದು ಅವರ ಮನೆತನದ ಪದ್ಧತಿ. ದಶರಥನ ತಾಯಿಗೆ ಎಲೆಯಡಿಕೆ ಮುಟ್ಟಿಸಿದ್ದರು, ಅಪ್ಪನಿಗೆ ಬೀಡಿ. ವಾಡಿ ಊರಿನ ಕ್ವಾರ್ಟರ್ಸುಗಳಲ್ಲಿ ಅರ್ಧದಷ್ಟರ ಗೋಡೆ ಕಟ್ಟಿದ ಗೌಂಡಿ ದಶರಥನಿಗೆ ಇಷ್ಟವಿದ್ದದ್ದು ಬೆಲ್ಲದ ಚಹಾ. ಆದರೆ ಅವನು ಸತ್ತದ್ದು ಲಿವರಿನ ಗಡ್ಡೆಯಿಂದ. ಲಿವರ್ ಕೆಟ್ಟಿದೆಯೆಂದರೆ ಕುಡಿದೇ ಕೆಟ್ಟಿದೆ ಎಂದು ಊರು ತೀರ್ಪು ಕೊಟ್ಟು ಎಷ್ಟೋ ದಿನವಾಗಿತ್ತು. ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರುವುದು?

“ಕುಡಿಯೋರು ನೀವು. ಅವರು ಮುಟ್ಟಿದವರಲ್ಲ.”

ಪಕ್ಕದ ಮನೆಯ ಮುದುಕಿ ಲಾಲಮ್ಮ ಅವಳ ಬೆನ್ನು ಸವರಿದಳು. “ಇರ್ಲಿ ಬಿಡವ್ವ. ಗಂಡಸರು ಕುಡೀದಿಲ್ಲೇನು? ಈಗ ಮುಚ್ಚಿಟ್ಟು ಏನು ಮಾಡ್ತಿ?”

ಆ ಕನಿಕರಕ್ಕೆ ಅನಸುಬಾಯಿಯ ಮೈಯೆಲ್ಲ ಉರಿಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

*

ಕಲಬುರ್ಗಿಯ ದವಾಖಾನೆಯಲ್ಲಿ ದಶರಥ ಅದನ್ನೇ ಕೇಳಿದ್ದ. “ದಾರೂ ಮುಟ್ಟಿಲ್ರಿ ಸಾಹೇಬರ. ನನಗ್ಯಾಕ ಬಂತು?”

“ಸಣ್ಣಾಂವ ಇದ್ದಾಗ ಕಣ್ಣು ಹಳದಿ ಆಗಿ ಕಾಮಣಿ ಆಗಿತ್ತಂದಿಯಲ್ಲ, ಅದರ ವಿಷಾಣು ಲಿವರಿನಾಗೇ ಉಳದಿರಬೇಕು,” ಎಂದು ಡಾಕ್ಟರು ಕಾಗದದ ಮೇಲೆ ಗೀಚಿ ತೋರಿಸಿದ್ದರು. “ಇವು ಜೀವಕೋಶ. ಕಣ್ಣಿಗಿ ಕಾಣದಷ್ಟು ಸಣ್ಣವು. ಚಲೋ ಲಿವರಿನಾಗ ಇವು ಒಂದನ್ನೊಂದು ಗಟ್ಟಿ ಹಿಡಕೊಂಡಿರ್ತಾವ. ಹಿಡಕೊಳ್ಳಾಕ ಇವುಗಳ ಮೈಮ್ಯಾಲ ಒಂದು ಥರದ ಪ್ರೋಟೀನ್ ಇರ್ತದ, ಅಂಟಿನಂಗ. ಈಗೀಗ ಕಂಡುಹಿಡದಾರ. ಗಡ್ಡಿ ಆದಮ್ಯಾಲ ಆ ಅಂಟು ಕಮ್ಮಿ ಆಗ್ತದ. ಹಿಡಿತ ತಪ್ಪಿದ ಕೋಶ ರಕ್ತದಾಗ ಹೋಗಿ ಮತ್ತೊಂದು ಕಡಿ ಬೇರು ಬಿಡ್ತಾವ.”

“ಗಚ್ಚು ಸಡಿಲಾಗಿ ಕಲ್ಲು ಕಳಚಿದಂಗ?”

“ಹಂಗೇ ತಿಳಕೊ.”

ಇನ್ನೆಷ್ಟು ದಿನ ಬದುಕುತ್ತೇನೆಂದು ದಶರಥ ಕೇಳಲಿಲ್ಲ. “ಇಷ್ಟು ಮಾತು ನಮ್ಮೂರಾಗ ಬಂದು ಹೇಳ್ತೀರೇನ್ರಿ?” ಎಂದ. ಡಾಕ್ಟರು ನಕ್ಕು ಮುಂದಿನ ರೋಗಿಯನ್ನು ಕರೆದರು. ಬಸ್ಸಿನಲ್ಲಿ ಅವನು ಹೆಂಡತಿಯ ಕೈ ಹಿಡಿದುಕೊಂಡು, “ಕುಡುಕ ಅನ್ನಿಸಿಕೊಂಡು ಮಣ್ಣಿಗಿ ಹೋಗಬಾರದು ನೋಡು,” ಎಂದಿದ್ದ.

*

ಅನಸುಬಾಯಿ ಅದನ್ನೆಲ್ಲ ಅಂಗಳದಲ್ಲಿ ನಿಂತು ಹೇಳಿದಳು. ಅಂಟು, ಹಿಡಿತ, ಕಾಮಣಿ, ಒಂದೂ ಬಿಡಲಿಲ್ಲ. ಜನ ತಲೆಯಾಡಿಸಿದರು. ದುಃಖದಲ್ಲಿ ಹೆಂಗಸು ಏನು ಹೇಳಿದರೂ ಜನ ತಲೆಯಾಡಿಸುತ್ತಾರೆ.

“ಬಾಬುಮಿಯಾ ಭಾಯಿ, ಹರೇದಾಗಿಂದ ಅವರ ಜೋಡಿ ಗ್ವಾಡಿ ಕಟ್ಟೀರಿ. ನೀವರೆ ಹೇಳ್ರಿ.”

ಬಾಬುಮಿಯಾ ಕಣ್ಣೊರೆಸಿಕೊಂಡ. “ಖುದಾ ಕಸಂ ವೈನಿ, ಒಮ್ಮಿನೂ ನೋಡಿಲ್ಲ.”

“ನಿಮ್ಮ ಮುಂದ ಹ್ಯಾಂಗ ಕುಡೀತಾನ್ರಿ, ಮಿಯಾ?” ಎಂದ ಭಗವಂತ. ಯಾರೋ ಹೌದೆಂದರು. ದಿನಾ ಸಂಜೆ ಮೈಮೇಲೆ ಖಬರಿಲ್ಲದೆ ಬೀಳುವ ಭಗವಂತ ಕಲ್ಲುಗುಂಡಿನಂತೆ ನಿಂತಿದ್ದ. ತೀರ್ಪು ಕೊಡುವವನೂ ಅವನೇ. ಲಾಲಮ್ಮ ಅನಸುಬಾಯಿಯನ್ನು ತೋಳಲ್ಲಿ ಹಿಡಿದು ಹಿಂದಕ್ಕೆಳೆದಳು. ಅಷ್ಟು ಸಾಕಾಯಿತು. ಭಗವಂತ ತಮ್ಮನ ತುಟಿ ಬಿಡಿಸಿ ಸುರಿದೇಬಿಟ್ಟ. ಎರಡು ಹನಿಯಲ್ಲ, ಗುಟುಕು. ಗದ್ದದಿಂದಿಳಿದು ಹೊಸ ಅಂಗಿ ತೊಯ್ದಿತು.

ಅನಸುಬಾಯಿ ಬಿಡಿಸಿಕೊಂಡು ಬಂದು ಗಂಡನ ಮುಖಕ್ಕೆ ಮುಖ ತಂದಳು. ಇಷ್ಟು ವರ್ಷದ ಸಂಸಾರದಲ್ಲಿ ಮೊದಲ ಸಲ ಅವನ ಬಾಯಿ ದಾರೂ ನಾರುತ್ತಿತ್ತು.

“ನೀರು ತರ್ರಿ.”

“ಯಾಕ?”

“ಮತ್ತೊಮ್ಮಿ ಮೈ ತೊಳೀಬೇಕು.”

“ಮೈ ತೊಳದಾಯ್ತು, ಪೂಜಿ ಆಯ್ತು. ಎರಡನೇ ಸಲ ತೊಳಿಯೂ ಪದ್ಧತಿ ಇಲ್ಲವ್ವ,” ಎಂದಳು ಲಾಲಮ್ಮ.

“ಹೊಲಸು ಮಾಡೂ ಪದ್ಧತಿ ಅದ, ತೊಳಿಯೂ ಪದ್ಧತಿ ಇಲ್ಲೇನು?” ಅನಸುಬಾಯಿ ಹೆಣಕ್ಕೆ ಅಡ್ಡ ಕುಳಿತಳು. “ಭಾವ, ನೀವೇ ತರ್ರಿ. ತರೂತನ ಹೆಣ ಎತ್ತಗೊಡಂಗಿಲ್ಲ.”

ಮೆರವಣಿಗೆಗೆಂದು ಬೀದಿಯಲ್ಲಿ ಬಾರಿಸುತ್ತಿದ್ದ ಬಾಜಾದವರು ನಿಲ್ಲಿಸಿದರು. ಬಾಬುಮಿಯಾ ಖಾಲಿ ಕೊಡವೊಂದನ್ನು ತಂದು ಭಗವಂತನ ಮುಂದಿಟ್ಟ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನು ಬಾಟಲಿ ಇಟ್ಟು, ಕೊಡ ಎತ್ತಿಕೊಂಡು ನಳದ ಕಡೆಗೆ ನಡೆದ.

ಅನಸುಬಾಯಿ ಸೆರಗನ್ನು ಬೆರಳಿಗೆ ಸುತ್ತಿ, ಗಂಡನ ಹಲ್ಲುಗಳನ್ನು ಒಂದೊಂದಾಗಿ ಉಜ್ಜತೊಡಗಿದಳು.