ಮೂರನೆಯ ನಿಧಿ

ಅಪ್ಪನ ಅಂಗಿಯ ಮೂರನೆಯ ಗುಂಡಿ ಹಾಕುತ್ತಿದ್ದಾಗ ಮಗಳಿಗೆ ಅರಗಿನ ವಾಸನೆ ಬಂದಂತಾಯಿತು. ಮೇಣದಬತ್ತಿಯ ಉರಿಗೆ ಕರಗಿ ಲಕೋಟೆಯ ಮೇಲೆ ತೊಟ್ಟಿಕ್ಕುವ ಕೆಂಪು ಅರಗು. ಅವಳು ಚಿಕ್ಕವಳಿದ್ದಾಗ ಅಪ್ಪ ಕಚೇರಿಯಿಂದ ಬಂದು ಎತ್ತಿಕೊಂಡರೆ ಅವನ ಕೈತುಂಬ ಅದೇ ವಾಸನೆ. ರಸ್ತೆ ಇಲಾಖೆಯವರು ಲಕೋಟೆಗೆ ಅರಗು ಹಾಕುವುದನ್ನು ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ವಾಸನೆ ಮಾತ್ರ ಇಷ್ಟು ದಿನ ಎಲ್ಲಿ ಅಡಗಿತ್ತೋ.

"ಕಾಲರ್ ನೆಟ್ಟಗೆ ಮಾಡೇ," ಎಂದರು ಹೊಲಿಗೆಯಮ್ಮ. ಎದುರುಮನೆಯವರು. ತಾಯಿ ತೀರಿಕೊಂಡ ಮೇಲೆ ಅವಳಿಗೆ ಜಡೆ ಹಾಕಿ ಶಾಲೆಗೆ ಕಳಿಸಿದವರು. "ಈ ಗುಂಡಿ ನೋಡು, ಜೋತಾಡ್ತಿದೆ. ಹೀಗೇ ಕಳಿಸೋಕಾಗತ್ತಾ? ನಿಮ್ಮಪ್ಪ ಎಂಥ ಅಚ್ಚುಕಟ್ಟಿನ ಮನುಷ್ಯ! ಇರು, ಸೂಜಿ ತರ್ತೀನಿ."

ಅವರು ಗಲ್ಲಿ ದಾಟಿ ಹೋದರು. ನಿನ್ನೆ ಸಂಜೆ ಅಪ್ಪ ಇದೇ ಅಂಗಿ ಹಾಕಿಕೊಂಡು, "ಹೀಗೇ ಒಂದು ಸುತ್ತು ಹೋಗ್ಬರ್ತೀನಿ," ಎಂದು ಹೊರಟಿದ್ದ. ಬಂದು ಅಂಗಿಯನ್ನು ಗೂಟಕ್ಕೆ ಹಾಕಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ.

ಅಂಗಿಯ ಮಡಿಕೆ ಸರಿಪಡಿಸುವಾಗ ಜೇಬಿನಲ್ಲಿ ಕಾಗದ ಸದ್ದು ಮಾಡಿತು. ನಾಲ್ಕು ಮಡಿಕೆಯ ಹಾಳೆ. ಮೈ ಒರೆಸಿದ ಒದ್ದೆ ಕೈಯಲ್ಲೇ ಬಿಡಿಸಿದಳು. ಪರದೆ ಎಳೆದ ಕೋಣೆಯ ಮಬ್ಬಿನಲ್ಲಿ ಅಪ್ಪನ ದುಂಡು ಅಕ್ಷರ ಕಂಡಿತು: 'ಗಲ್ಲಿ ಅಗಲಗೊಳಿಸಲು ಭೂಸ್ವಾಧೀನದ ಅಳತೆ ವೆಚ್ಚ. ತಾವು ಕೇಳಿದ ಪ್ರಶ್ನೆಗೆ ಉತ್ತರ.' ಅದರ ಕೆಳಗೆ ಒಂದೇ ಸಾಲು. ವಾಹನ ತೆರಿಗೆಯ ನಿಧಿಯಿಂದ ಕೊಡಬಹುದು.

ಅವಳು ಹಾಳೆಯನ್ನು ಮಡಚಿ ಮುಷ್ಟಿಯಲ್ಲಿ ಹಿಡಿದುಕೊಂಡಳು.

*

ಕಚೇರಿಯಲ್ಲಿ ಅಪ್ಪನಿಗೆ ವಾಪಸಪ್ಪ ಎಂದು ಹೆಸರು. ಗಲ್ಲಿಯನ್ನು ಒಡೆದು ದೊಡ್ಡ ರಸ್ತೆ ಮಾಡುವ ಕಡತ ಒಂಬತ್ತು ವರ್ಷ ಅವನ ಮೇಜಿಗೆ ಬರುತ್ತಲೇ ಇತ್ತು, ವಾಪಸು ಹೋಗುತ್ತಲೇ ಇತ್ತು. ಹದಿನೆಂಟು ಮನೆ ಹೋಗಬೇಕು, ಮೊದಲನೆಯದು ಹೊಲಿಗೆಯಮ್ಮನದು. ಅದು ಬಾಡಿಗೆ ಮನೆ. ಬಾಡಿಗೆಯವರಿಗೆ ಪರಿಹಾರವಿಲ್ಲ. ನಲವತ್ತು ವರ್ಷ ಅದೇ ಕಿಟಕಿಯ ಬೆಳಕಿನಲ್ಲಿ ಅವರ ಹೊಲಿಗೆ ಯಂತ್ರ ಓಡಿತ್ತು.

ಕೆಡವುವುದಕ್ಕೆ ಮೊದಲು ಅಳೆಯಬೇಕು, ಅಳೆಯುವುದಕ್ಕೆ ಹಣ ಬೇಕು. ರಸ್ತೆ ನಿರ್ಮಾಣ ನಿಧಿಯಿಂದ ಕೊಡಬಹುದೇ ಎಂದು ಒಬ್ಬ ಅಧಿಕಾರಿ ಕೇಳಿದ. ಇಲ್ಲ, ಅದು ಮಂಜೂರಾದ ರಸ್ತೆಗೆ ಮಾತ್ರ ಎಂದು ಅಪ್ಪ ಬರೆದ. ಸಾಮಾನ್ಯ ನಿಧಿಯಿಂದ ಕೊಡಬಹುದೇ ಎಂದು ಇನ್ನೊಬ್ಬ ಕೇಳಿದ. ಇಲ್ಲ, ಅದಕ್ಕೆ ಸಭೆಯ ಒಪ್ಪಿಗೆ ಬೇಕು, ಒಪ್ಪಿಗೆಗೆ ಅಳತೆಯ ನಕ್ಷೆ ಬೇಕು ಎಂದು ಬರೆದ. ಎಲ್ಲವೂ ನಿಜ. ಎಲ್ಲವನ್ನೂ ಮನೆಯ ಮೇಜಿನ ಮೇಲೆ ಕಾರ್ಬನ್ ಹಾಳೆ ಇಟ್ಟು, ಒತ್ತಿ ಒತ್ತಿ ಬರೆಯುತ್ತಿದ್ದ. ಮಗಳು ಪಕ್ಕದಲ್ಲಿ ಕೂತು ಚಿತ್ರ ಬಿಡಿಸುತ್ತಿದ್ದ ಕಾಲದಿಂದಲೂ ಅದೇ ಪದ್ಧತಿ. "ಮೇಲಿಂದು ಕಚೇರಿಗೆ, ಅದರ ನೆರಳು ನಮ್ಮ ಜೇಬಿಗೆ," ಎಂದು ನಗುತ್ತಿದ್ದ.

ಹೋದ ತಿಂಗಳು ಅಪ್ಪ ಊಟದ ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದ.

"ಹೊಸ ಸಾಹೇಬ ಬೇರೆ ಥರ ಕೇಳಿದಾನೆ ಕಣೇ," ಎಂದ. "ಇದರಿಂದ ಕೊಡಬಹುದಾ, ಅದರಿಂದ ಕೊಡಬಹುದಾ ಅಂತಲ್ಲ. ಯಾವ ನಿಧಿಯಿಂದ ಕೊಡಬಹುದು, ತಿಳಿಸಿ ಅಂತ."

"ಅಂಥದೊಂದು ಇದೆಯಾ?"

ಅಪ್ಪ ಅನ್ನದಲ್ಲಿ ಬೆರಳಾಡಿಸಿದ.

"ಗೊತ್ತಿಲ್ಲ ಅಂತ ಬರೆದ್ಬಿಡು. ಇನ್ನೆರಡು ತಿಂಗಳಿಗೆ ನಿನ್ನ ನಿವೃತ್ತಿ."

"ಮೂವತ್ತೆಂಟು ವರ್ಷ ಬರೆದಿದೀನಿ. ಕೇಳಿದ್ದಕ್ಕೆ ಉತ್ತರ ಕೊಟ್ಟಿದೀನಿ, ಕೇಳದೇ ಇರೋದಕ್ಕೆ ಬಾಯಿ ಮುಚ್ಕೊಂಡಿದೀನಿ. ಸುಳ್ಳು ಮಾತ್ರ ಬರೆದಿಲ್ಲ."

ಹೊರಗೆ ಯಂತ್ರ ಟಕಟಕ ಎನ್ನುತ್ತಿತ್ತು. ಅದು ನಿಲ್ಲುವವರೆಗೂ ಅಪ್ಪ ತುತ್ತು ಎತ್ತಲಿಲ್ಲ.

*

ಹೊಸ ಸಾಹೇಬ ಬಂದಾಗ ಕಾಗದ ಅವಳ ಮುಷ್ಟಿಯಲ್ಲೇ ಇತ್ತು. ಚಪ್ಪಲಿ ಬಿಟ್ಟು ಒಳಗೆ ಬಂದು ಹೂವಿಟ್ಟು, ಕೈ ಮುಗಿದು ನಿಂತ. ಕೆಟ್ಟವನಂತೆ ಕಾಣಲಿಲ್ಲ.

"ಅವರ ಹತ್ರ ಕಲಿಯೋದು ತುಂಬ ಇತ್ತಮ್ಮಾ," ಎಂದ. ಆಮೇಲೆ ದನಿ ತಗ್ಗಿಸಿ, "ಕೇಳೋಕೆ ಇದು ಸಮಯ ಅಲ್ಲ. ಒಂದು ಟಿಪ್ಪಣಿ ಬರ್ಕೊಡ್ತೀನಿ ಅಂದಿದ್ರು. ಮನೇಲಿ ಏನಾದ್ರೂ ಕಾಗದ..."

"ಇಲ್ಲ," ಎಂದಳು.

ಅವನು ತಲೆಯಾಡಿಸಿ ಹೋದ. ಜಗಲಿಯಲ್ಲಿ ಸೈಕಲ್ ರಿಪೇರಿ ಮಾಮ ಚಿಕ್ಕಪ್ಪನಿಗೆ ಹೇಳುತ್ತಿದ್ದುದು ಕೇಳಿಸಿತು: "ನಿಮ್ಮಣ್ಣ ಯಮನ ಕಾಗದಾನೂ ವಾಪಸ್ ಕಳಿಸ್ತಾನೆ ಅಂತ ನಾನು ತಮಾಷೆ ಮಾಡ್ತಿದ್ದೆ. ಈ ಸಲ ಒಂದು ಮಾತೂ ಕೇಳ್ದೆ ಸಹಿ ಹಾಕ್ಬಿಟ್ಟ ನೋಡಿ."

ಚಿಕ್ಕಪ್ಪ ನಕ್ಕ, ನಕ್ಕಿದ್ದಕ್ಕೇ ಅತ್ತ.

ಹೊಲಿಗೆಯಮ್ಮ ಸೂಜಿ ಹಿಡಿದು ಬರುವಷ್ಟರಲ್ಲಿ ಕಾಗದ ಜೇಬು ಸೇರಿತ್ತು. ಅವರು ಮಂಡಿಯೂರಿ, ಮಲಗಿದವನಿಗೆ ಚುಚ್ಚೀತೆಂಬಂತೆ ಬಟ್ಟೆಯ ಕೆಳಗೆ ಬೆರಳು ಕೊಟ್ಟು ಗುಂಡಿ ಬಿಗಿ ಮಾಡಿದರು.

"ದೊಡ್ಡಮ್ಮಾ, ಆ ಜೇಬಿನ ಬಾಯೂ ಹೊಲಿದ್ಬಿಡಿ."

"ಜೇಬು ಯಾಕೇ?"

"ಹಾಗೇ. ಏನೂ ಬೀಳ್ದೇ ಇರ್ಲಿ."

ಹೊಲಿಗೆಯಮ್ಮ ಅವಳ ಮುಖ ನೋಡಿದರು. ಮತ್ತೇನೂ ಕೇಳದೆ ಒತ್ತೊತ್ತಾಗಿ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದರು.

*

ಮಣ್ಣು ಮುಚ್ಚುವಾಗ ಅವಳಿಗೆ ಅಳುವಿಗಿಂತ ಹೆಚ್ಚಾಗಿ ಏನೋ ಹಗುರವಾಯಿತು. ಅಪ್ಪ ಸುಳ್ಳು ಬರೆಯಲಿಲ್ಲ. ನಿಜ ಅವನ ಜತೆಗೇ ಹೋಯಿತು. ಗಲ್ಲಿ ಉಳಿಯಿತು.

ಸ್ಮಶಾನದ ನಲ್ಲಿಯಲ್ಲಿ ಎಲ್ಲರೂ ಕೈ ತೊಳೆದರು. ಅವಳ ಬೆರಳಿನ ಮಣ್ಣು ಹೋಯಿತು, ಅದರ ಕೆಳಗಿನ ನೀಲಿ ಹೋಗಲಿಲ್ಲ. ಉಜ್ಜಿದಳು. ಹೆಬ್ಬೆರಳಲ್ಲೂ ತೋರುಬೆರಳಲ್ಲೂ ಮಂಕಾದ, ಜಿಡ್ಡು ಜಿಡ್ಡಾದ ನೀಲಿ. ಲೇಖನಿಯ ಮಸಿ ಹೀಗೆ ಅಂಟುವುದಿಲ್ಲ, ಕಾರ್ಬನ್ ಅಂಟುತ್ತದೆ.

"ಏನಮ್ಮಾ?" ಎಂದ ಚಿಕ್ಕಪ್ಪ.

"ನಿನ್ನೆ ಸಂಜೆ ಅಪ್ಪ ಯಾವ ಕಡೆ ಹೋಗಿದ್ದ, ನೋಡಿದ್ಯಾ ಚಿಕ್ಕಪ್ಪಾ?"

"ನಾನೆಲ್ಲಿ ನೋಡ್ಲಿ?"

"ನಾನು ನೋಡಿದ್ದೆ ಪುಟ್ಟಿ," ಎಂದ ಸೈಕಲ್ ಮಾಮ. "ಕಚೇರಿ ಬಾಗಿಲಲ್ಲಿ ಕಾಗದ ಹಾಕೋ ಪೆಟ್ಟಿಗೆ ಇದ್ಯಲ್ಲ, ಅದರ ಮುಂದೆ ನಿಂತಿದ್ದ. ಸುಮಾರು ಹೊತ್ತು. ರಜಾ ದಿನ ಯಾಕಪ್ಪಾ ಇಲ್ಲಿ ಅಂತ ಕೇಳಿದ್ರೆ, ಸುಮ್ನೆ ಕೈ ಬೀಸಿದ."

ಅವಳು ಎಲ್ಲರಿಗಿಂತ ಮುಂದೆ ನಡೆದಳು. ಮೊದಲು ಬೇಗ ಬೇಗ, ಆಮೇಲೆ ಓಡುವವಳಂತೆ.

ಗಲ್ಲಿಯ ಬಾಯಲ್ಲಿ, ಹೊಲಿಗೆಯಮ್ಮನ ಗೋಡೆಗೆ ಕೆಂಪು ಬಿಳಿ ಪಟ್ಟೆಯ ಎರಡು ಕೋಲು ಒರಗಿದ್ದವು. ಮೆಟ್ಟಿಲ ಮೇಲೆ ಸುಣ್ಣದ ಡಬ್ಬಿ. ಸರ್ವೆಯವನೊಬ್ಬ ಅಳತೆಯ ಸರಪಳಿಯನ್ನು ಸುತ್ತಿ ಎದೆಗವುಚಿಕೊಂಡು ಬಿಸಿಲಲ್ಲೇ ನಿಂತಿದ್ದ. ಅವಳನ್ನು ಕಂಡು ಟೋಪಿ ತೆಗೆದ.

"ಸಾಹೇಬ್ರು ಹೊರಗೆ ಹೋಗಿದ್ದಾಗ ಪೆಟ್ಟಿಗೆ ತೆಗೆದ್ರಂತೆ, ಕಾಗದ ಸಿಕ್ತಂತೆ. ಇವತ್ತೇ ಶುರು ಮಾಡು ಅಂತ ಗುಮಾಸ್ತರು ಕಳಿಸಿದ್ರು," ಎಂದ ಮೆತ್ತಗೆ. "ಗಲ್ಲೀಲಿ ಸಾವಾಗಿದೆ ಅಂತ ಇಲ್ಲಿಗೆ ಬಂದ ಮೇಲೆ ಗೊತ್ತಾಯ್ತು. ನೀವೆಲ್ಲ ವಾಪಸ್ ಬರೋವರೆಗೂ ಸರಪಳಿ ಬಿಚ್ಚಲ್ಲ ಅಂದ್ಕೊಂಡೆ."

ಅವಳು ನೀಲಿ ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಬಾಗಿಲು ತೆರೆಯಿತು. ಮಣ್ಣಿಗೆ ಹೋದವರಿಗಾಗಿ ಅಡುಗೆ ಮಾಡಿ ಕಾಯುತ್ತಿದ್ದ ಹೊಲಿಗೆಯಮ್ಮ ಕೋಲುಗಳನ್ನು ನೋಡಿದರು, ಡಬ್ಬಿಯನ್ನು ನೋಡಿದರು, ಅವಳನ್ನು ನೋಡಿದರು. ಒಳಗೆ ಹೋದರು. ಮತ್ತೆ ಬಂದಾಗ ಕೈಯಲ್ಲಿ ಹಬೆಯಾಡುವ ತಟ್ಟೆಯಿತ್ತು.

"ಆಗಿಂದ ಬಿಸಿಲಲ್ಲಿ ನಿಂತಿದೀಯಪ್ಪಾ," ಎಂದರು ಸರ್ವೆಯವನಿಗೆ. "ಮೊದ್ಲು ಊಟ ಮಾಡು."

ಎರಡೂ ಕೈಯಲ್ಲಿ ತಟ್ಟೆ ತೆಗೆದುಕೊಳ್ಳಲು ಅವನು ಸರಪಳಿಯನ್ನು ಕೆಳಗಿಡಬೇಕಾಯಿತು. ಬೇರೆ ಜಾಗ ಕಾಣದೆ, ಅವರ ಹೊಸ್ತಿಲ ಮೇಲೇ ಇಟ್ಟ.