ಮೊದಲ ಸುತ್ತಿನಲ್ಲೇ ಮನೆಗೆ

ತೋಳೇ ಇಲ್ಲದ ಅಂಗಿಯೊಳಗೆ ಅಪ್ಪನ ಕೈ ತೂರಿಸುವುದು ಇಷ್ಟು ಕಷ್ಟವೆಂದು ಮಗಳು ಎಣಿಸಿರಲಿಲ್ಲ. ಅವಳ ತಮ್ಮ ಹಿಂದಿನಿಂದ ಭುಜ ಎತ್ತಿ ಹಿಡಿದಿದ್ದ. ಬ್ಯಾಸ್ಕೆಟ್‌ಬಾಲ್ ತಂಡದ ಹಸಿರು ಅಂಗಿ ಮೊಣಕೈಯ ಹತ್ತಿರ ಸಿಕ್ಕಿಕೊಂಡು ಮೇಲಕ್ಕೂ ಬರುತ್ತಿರಲಿಲ್ಲ, ಕೆಳಕ್ಕೂ ಇಳಿಯುತ್ತಿರಲಿಲ್ಲ.

“ಅದನ್ನ ಹಾಕಬೇಡಿ, ಬಿಡಮ್ಮ,” ಎಂದರು ಬಾಗಿಲಲ್ಲಿ ನಿಂತಿದ್ದ ಉದ್ದಣ್ಣ. ಅಪ್ಪನ ಜೊತೆ ಲಿಫ್ಟ್ ರಿಪೇರಿ ಮಾಡಿಕೊಂಡಿದ್ದವರು. ಲಿಫ್ಟಿನ ಮೇಲಿನ ಗುಂಡಿ ಒತ್ತಲು ಹಿಮ್ಮಡಿ ಎತ್ತಬೇಕಾಗುತ್ತಿದ್ದ ಕುಳ್ಳಗಿನ ಆಸಾಮಿ. ಆ ಹೆಸರಿಟ್ಟದ್ದೂ ಅಪ್ಪನೇ.

“ಯಾಕೆ ಮಾಮ? ಅವರ ಟೀಮಿಂದೇ ಅಲ್ವಾ?”

“ಅದಕ್ಕೇ ಬೇಡ ಅಂದಿದ್ದು. ಇವತ್ತು ಸಂಜೆ ಪ್ಲೇಆಫ್ ಶುರು. ಮ್ಯಾಚಿನ ದಿನ ಅವನು ಈ ಅಂಗಿ ಮುಟ್ಟಿದ್ದನ್ನ ನೋಡಿದ್ದೀರಾ? ಟೀಮ್ ಸೋತ್ರೆ ನನ್ನನ್ನ ಬೈತಾನೆ.”

“ಬೈಯೋಕೆ ಅವರೆಲ್ಲಿದ್ದಾರೆ ಮಾಮ?” ಎಂದ ತಮ್ಮ.

“ಅದೂ ಹೌದು,” ಎಂದರು ಉದ್ದಣ್ಣ. “ಆದ್ರೂ ಬೇಡ.”

ಮಗಳು ಕಿಟಕಿಯ ಬಳಿ ಕುಳಿತಿದ್ದ ಅಮ್ಮನ ಮುಖ ನೋಡಿದಳು. ಅಮ್ಮ ತಲೆಯಾಡಿಸಿದಳು, ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ. ನಿನ್ನೆ ಬೆಳಿಗ್ಗೆ ಅಪ್ಪ ಹಾಸಿಗೆಯಿಂದ ಏಳದೇ ಹೋದಾಗಿನಿಂದ ಅವಳು ಎಲ್ಲದಕ್ಕೂ ಹಾಗೆಯೇ ತಲೆಯಾಡಿಸುತ್ತಿದ್ದಳು. ಕೊನೆಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡಿಸಿದರು.

*

ಪ್ರತಿವರ್ಷ ಪ್ಲೇಆಫ್ ಶುರುವಾಗುವ ದಿನ ಈ ಮನೆಯ ಮುಂಗೋಣೆ ತುಂಬುತ್ತಿತ್ತು. ಅಪ್ಪ ಭವಿಷ್ಯ ಹೇಳುವವರೆಗೆ ಯಾರೂ ಟಿವಿ ಹಾಕುತ್ತಿರಲಿಲ್ಲ.

“ಮೊದಲ ಸುತ್ತಲ್ಲೇ ಮನೆಗೆ,” ಎನ್ನುತ್ತಿದ್ದರು ಅಪ್ಪ. “ನಮ್ಮ ಹುಡುಗರ ಕೈಯಲ್ಲಿ ಚೆಂಡು ಸೋಪಿನ ಹಾಗೆ ಜಾರುತ್ತೆ.” ಎದುರಾಳಿಯಾದ ಬಂದರಿನ ತಂಡವನ್ನು ಮಾತ್ರ ಹೊಗಳಿ ಅಟ್ಟಕ್ಕೇರಿಸುತ್ತಿದ್ದರು. ಮನಸಾರೆ ಬಯಸಿದ್ದನ್ನು ಆಗುತ್ತದೆಂದು ಬಾಯಿಬಿಟ್ಟು ಹೇಳಬಾರದು, ಹೇಳಿದರೆ ಕೆಡುತ್ತದೆ. ಇದು ಅವರ ಕಟ್ಟಳೆ.

ಕಟ್ಟಳೆ ಆಟಕ್ಕಷ್ಟೇ ಅಲ್ಲವೆಂದು ಮಗಳಿಗೆ ತಿಳಿದದ್ದು ಶಾಲೆಯ ಕೊನೆಯ ಪರೀಕ್ಷೆಯ ಬೆಳಿಗ್ಗೆ. ಚಪ್ಪಲಿ ಮೆಟ್ಟುತ್ತಿದ್ದವಳಿಗೆ ಅಪ್ಪ, “ಫೇಲ್ ಆಗ್ತೀಯ ಬಿಡು,” ಎಂದುಬಿಟ್ಟರು. ಕಣ್ಣೊರೆಸಿಕೊಳ್ಳುತ್ತ ಬೀದಿಯ ತಿರುವಿನಲ್ಲಿ ಹಿಂದಿರುಗಿ ನೋಡಿದರೆ, ಅಪ್ಪ ಇನ್ನೂ ಮೆಟ್ಟಿಲ ಮೇಲಿದ್ದರು. ಎರಡೂ ಕೈಗಳ ಬೆರಳು ಹೆಣೆದು, ಸಮಸಮ ನಿಂತ ಪಂದ್ಯದ ಕೊನೆಯ ನಿಮಿಷದಲ್ಲಿ ನಿಲ್ಲುವ ಹಾಗೆಯೇ ನಿಂತಿದ್ದರು.

*

ಸಂಜೆ ಎಲ್ಲ ಮುಗಿಸಿ ಮನೆಗೆ ಬಂದಾಗ ಉಳಿದವರು ನಾಲ್ವರೇ. ಉದ್ದಣ್ಣ ರಿಮೋಟ್ ಹಿಡಿದು, ಟಿವಿ ಹಾಕುವುದೋ ಬೇಡವೋ ತಿಳಿಯದೆ, ಅದರ ಬ್ಯಾಟರಿಯ ಮುಚ್ಚಳ ತೆಗೆಯುತ್ತ ಹಾಕುತ್ತ ಇದ್ದರು.

“ಮೊನ್ನೆ ಫೋನ್ ಮಾಡಿ, ಮೊದಲ ಸುತ್ತಲ್ಲೇ ಮನೆಗೆ ಕಣೋ ಅಂದ,” ಎಂದರು. “ಎಷ್ಟು ಖುಷಿಯಾಗಿದ್ದ ಗೊತ್ತಾ?”

ಮಗಳಿಗೆ ನಗು ಬಂತು. “ನನಗೂ ಅಷ್ಟೇ, ಕೆಲಸ ಖಾಯಂ ಆಗೋದು ಕನಸು ಅಂದ್ರು. ಅದೇ ವಾರ ಆಯ್ತು.”

“ಅಂದ್ರೆ?” ತಮ್ಮ ಲೋಟ ಕೆಳಗಿಟ್ಟ. ಚಿಕ್ಕಂದಿನಲ್ಲೇ ಹಾಸ್ಟೆಲ್ ಸೇರಿದವನು. ಬ್ಯಾಸ್ಕೆಟ್‌ಬಾಲಿನ ಗೊಡವೆಗೆ ಹೋದವನಲ್ಲ. ಇಬ್ಬರೂ ಸೇರಿ ಅವನಿಗೆ ಅಪ್ಪನ ಕಟ್ಟಳೆ ವಿವರಿಸಿದರು. ಅವನು ನಗಲಿಲ್ಲ.

“ನನಗೆ ಯಾವತ್ತೂ ಹಾಗಂದಿಲ್ಲ ಅಕ್ಕ. ಯಾವಾಗ್ಲೂ ‘ಗೆಲ್ತೀಯ ಹೋಗು’ ಅಂತಲೇ ಅಂತಿದ್ರು.”

ತಮ್ಮ ಲೋಟವನ್ನು ದೂರ ಸರಿಸಿದ.

“ಬಂದರಿನವರಿಗೆ ಅಂತಿದ್ದ ಹಾಗೆ,” ಎಂದ.

“ಥೂ, ಏನೇನೋ ಹೇಳ್ಬೇಡ.” ಹಾಗೆಂದರೂ ಅವಳು ಅವನ ಓಟದ ಪಂದ್ಯ, ಪರೀಕ್ಷೆ, ಮೊದಲ ಕೆಲಸದ ಸಂದರ್ಶನ ಎಲ್ಲವನ್ನೂ ನೆನಪಿಗೆ ತಂದುಕೊಂಡಳು. ನಿಜ, ಅಪ್ಪ ಗೆಲ್ಲುತ್ತೀಯ ಎಂದೇ ಹೇಳಿದ್ದರು. ಅವನು ಗೆದ್ದೂ ಇದ್ದ, ಸೋತೂ ಇದ್ದ. ಯಾವ ಕಡೆಯಿಂದ ಹಿಡಿದರೂ ಲೆಕ್ಕ ಹತ್ತಲಿಲ್ಲ.

“ಬರೋ ವಾರ ಕಣ್ಣಿನ ಆಪರೇಷನ್ ಅಂದಾಗ ಏನಂದ್ರು ಗೊತ್ತಾ?” ತಮ್ಮ ತನ್ನ ಬಲಗಣ್ಣನ್ನು ಮುಟ್ಟಿಕೊಂಡ. ಅದಕ್ಕೀಗ ಬೆಳಕು, ಬಣ್ಣ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. “ಹೆದರಬೇಡ, ಎಲ್ಲ ಸರಿಹೋಗುತ್ತೆ ಅಂದ್ರು. ಆ ಮಾತು ಹಿಡ್ಕೊಂಡೇ ಇದ್ದೆ ನಾನು. ಈಗ ಅದನ್ನ ಏನಂತ ತಗೊಳ್ಳಲಿ?”

“ನೀನು ಹೆದರ್ತೀಯ ಅಂತ ಹಾಗಂದಿರ್ತಾನೆ ಬಿಡೋ,” ಎಂದರು ಉದ್ದಣ್ಣ.

“ಅಕ್ಕ ಹೆದರ್ತಿರಲಿಲ್ವಾ?”

ಉದ್ದಣ್ಣ ಮತ್ತೆ ಬ್ಯಾಟರಿಯ ಮುಚ್ಚಳ ತೆಗೆದರು.

“ಅಮ್ಮ, ನೀನಾದ್ರೂ ಹೇಳು.”

“ನನ್ನನ್ನೇನು ಕೇಳ್ತೀಯೋ,” ಎಂದಳು ಅಮ್ಮ. “ಮದುವೆ ದಿನ ಪಕ್ಕದಲ್ಲೇ ಕೂತ್ಕೊಂಡು, ‘ಇದು ಆರು ತಿಂಗಳು ನಡೆದ್ರೆ ಹೆಚ್ಚು’ ಅಂದ ಮನುಷ್ಯ. ಎಷ್ಟೋ ದಿನ ನಾನು ಟ್ರಂಕು ಬಿಚ್ಚದೆ ಹಾಗೇ ಇಟ್ಟಿದ್ದೆ.”

ಉದ್ದಣ್ಣ ನಗಲು ಹೋಗಿ ಅತ್ತುಬಿಟ್ಟರು. ಅಳುವಿನ ಸದ್ದು ಮುಚ್ಚಿಹೋಗಲೆಂದೋ ಏನೋ, ಟಿವಿ ಹಾಕಿದರು.

ಆಟದ ಎರಡನೆಯ ಅರ್ಧ ನಡೆಯುತ್ತಿತ್ತು. ತಮ್ಮ ಟಿವಿಯ ಎದುರು ನೆಲದ ಮೇಲೆ ಹೋಗಿ ಕುಳಿತ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಬಲಗಣ್ಣಿನಿಂದಷ್ಟೇ ನೋಡತೊಡಗಿದ.

“ಹಸಿರು ಓಡಾಡೋದು ಕಾಣುತ್ತೆ. ಅಂಕಿ ಕಾಣಲ್ಲ. ಯಾರು ಮುಂದಿದ್ದಾರೆ?”

ಮಗಳು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಹೇಳಿದಳು: “ನಾವು ಸೋಲ್ತಿದ್ದೀವಿ.”

ಪರದೆಯ ಮೂಲೆಯಲ್ಲಿ ಹಸಿರಿನವರು ಒಂಬತ್ತು ಅಂಕ ಮುಂದಿದ್ದರು. ಅರ್ಧ ಆಟವಾದ ಮೇಲೆ ತಂಡಗಳು ತಾವು ಚೆಂಡು ಹಾಕುವ ಬುಟ್ಟಿ ಬದಲಿಸುತ್ತವೆಂಬುದು ಅಮ್ಮನಿಗೆ ಇಷ್ಟು ವರ್ಷವಾದರೂ ತಲೆಗೆ ಹೋಗಿರಲಿಲ್ಲ. ಹೇಳಿ ಹೇಳಿ ಅಪ್ಪನೇ ಕೈಬಿಟ್ಟಿದ್ದರು. ಹಾಗಾಗಿ ಅಂದಳೋ, ಬೇರೆ ಏನಾದರೂ ಅಂದುಕೊಂಡು ಅಂದಳೋ, ಮಗಳಿಗೆ ತಿಳಿಯಲಿಲ್ಲ. ಉದ್ದಣ್ಣನ ಕಡೆ ನೋಡಿದಳು. ಅವರು ತಲೆ ತಗ್ಗಿಸಿದ್ದರು.

“ತುಂಬಾನಾ?” ಎಂದ ತಮ್ಮ.

“ಹೂಂ. ತುಂಬಾ,” ಎಂದಳು ಮಗಳು.

ಅವನು ಕೈ ತೆಗೆಯಲಿಲ್ಲ. ಕುಳಿತಲ್ಲಿಂದಲೇ ಪರದೆಯ ತೀರ ಹತ್ತಿರಕ್ಕೆ ಜರುಗಿ, ಬಲಗಣ್ಣನ್ನು ಆದಷ್ಟು ಅಗಲಿಸಿದ. ಅವನ ಕೆನ್ನೆಯ ಮೇಲೆ ಹಸಿರು ಬೆಳಕು ಅತ್ತಿಂದಿತ್ತ ಓಡುತ್ತಿತ್ತು.